ಬುರುಜಿನ ಬೆನ್ನು

ಜನವರಿ ೮, ಸೋಮವಾರ

ಶಾಲೆಯ ಹಳೇ ಸಾಮಾನಿನ ಕೋಣೆಯ ಕಿಟಕಿಗಳಿಗೆ ಇವತ್ತು ಕಂಬಳಿ ಹೊಡೆದರು. ಇನ್ನು ಮೇಲೆ ಅಲ್ಲಿ ಚರಿತ್ರೆಯ ಪಾಠ ನಡೆಯುತ್ತದಂತೆ, ಅದೂ ಕತ್ತಲಲ್ಲಿ. ಹೊಸದಾಗಿ ಬಂದಿರುವ ತೂದಾ ಎಂಬ ಮೇಡಂ ಐತಿಹಾಸಿಕ ಸಿನಿಮಾ ತೋರಿಸಿ ಪಾಠ ಮಾಡುವವರು. ಮುಖ್ಯೋಪಾಧ್ಯಾಯರಾದ ಸಿ ಬೆನ್ನಾಸರ್, ಅಂದರೆ ಶ್ರೀಯುತ ಬೆನ್ನಾಸರ್, ನನ್ನನ್ನು ಕರೆದು ಪುದೀನ ಚಹಾ ಕೊಟ್ಟರು. ಅವರು ತಾವಾಗಿ ಚಹಾ ಕೊಟ್ಟರೆಂದರೆ ಹಿಂದೆಯೇ ಒಂದು ಕೆಲಸವೂ ಬರುತ್ತದೆ.

"ಉಸ್ತಾದ್ ಜಿಲಾಲಿ, ನೀವು ಹಿಂದಿನ ಬೆಂಚಲ್ಲಿ ಕೂತು ನೋಡ್ತಾ ಇರಿ. ಮಾರ್ಚಲ್ಲಿ ಇನ್‌ಸ್ಪೆಕ್ಟರ್ ಬರ್ತಾರೆ. ಈ ಸಿನಿಮಾ ಪಾಠ ಮುಂದುವರೀಬೇಕೋ ಬೇಡ್ವೋ, ಆ ಹುಡುಗಿ ಕೆಲಸ ಖಾಯಂ ಆಗ್ಬೇಕೋ ಬೇಡ್ವೋ ಅಂತ ಅವರು ಮೊದಲು ಕೇಳೋದು ನಿಮ್ಮನ್ನೇ."

"ನನ್ನ ಅಭಿಪ್ರಾಯ ಈಗಲೇ ಹೇಳಿಬಿಡ್ಲಾ?"

"ಬೇಡ, ಪಾಪ. ನೋಡಿ ಹೇಳಿದ್ರು ಅನ್ನೋ ಹೆಸರಾದ್ರೂ ಇರ್ಲಿ."

ವರ್ಜಾಜಾತ್ ಊರಲ್ಲಿ ಸಿನಿಮಾದಿಂದ ಚರಿತ್ರೆ ಕಲಿಸುವುದೆಂದರೆ ಜ್ವರ ಬಂದವನನ್ನು ಬಿಸಿಲಿಗೆ ಕೂರಿಸಿದ ಹಾಗೆ. ಊರಾಚೆ ಸ್ಟುಡಿಯೋ ಇದೆ. ಹೊರದೇಶದವರು ಬಂದು ತಮ್ಮ ಹಳೆಯ ಯುದ್ಧಗಳನ್ನೆಲ್ಲ ನಮ್ಮ ಮರಳಲ್ಲಿ ಮಾಡಿ ಹೋಗುತ್ತಾರೆ. ಆ ಯುದ್ಧಗಳಲ್ಲಿ ಸತ್ತವರೆಲ್ಲ ನಮ್ಮವರು. ನನ್ನ ಅಪ್ಪ ರೋಮನ್ನನಾಗಿ ಸತ್ತಿದ್ದಾನೆ, ರೋಮನ್ನರ ಕೈಯಲ್ಲೂ ಸತ್ತಿದ್ದಾನೆ. ಎದುರುಮನೆಯ ಮುದುಕಿ ಇವತ್ತಿಗೂ ತನ್ನ ಮದುವೆಯನ್ನು "ಜೆರುಸಲೇಮ್ ಬಿದ್ದ ವರ್ಷ" ಅನ್ನುತ್ತಾಳೆ. ಹೋದ ಪರೀಕ್ಷೆಯಲ್ಲಿ, ಕೋಟೆಯ ಮುತ್ತಿಗೆ ಹೇಗೆ ಕೊನೆಗೊಂಡಿತು ಎಂಬ ಪ್ರಶ್ನೆಗೆ ಅನೀರ್ ಎಂಬ ಹುಡುಗ ಬರೆದದ್ದು ಇಷ್ಟು: "ಮಧ್ಯಾಹ್ನ ಊಟ ಬಂತು, ಯುದ್ಧ ನಿಂತಿತು. ಹೇಳಿದವರು ನನ್ನ ತಾತ." ಸೊನ್ನೆ ಕೊಟ್ಟೆ, ದೊಡ್ಡದಾಗಿ.

ನನ್ನ ಪದ್ಧತಿ ಬೇರೆ. ಪ್ರಾಸ. ಇಸವಿ ಬರೆದರೆ ಅಂಕ, ಮರೆತರೆ ಕಳಂಕ. ಇದನ್ನು ಹಾಡಿಕೊಂಡೇ ಊರಿನ ಎರಡು ತಲೆಮಾರು ಪಾಸಾಗಿದೆ.

ಜನವರಿ ೧೧, ಗುರುವಾರ

ಮೊದಲ ದರ್ಶನ. ಸಿನಿಮಾ ಅಂದರೆ ಪೂರ್ತಿ ಹಾಕಿ ತಾನು ಕೂತು ಕೆನ್ನೆಗೆ ಕೈ ಕೊಡುತ್ತಾಳೆ ಅಂದುಕೊಂಡಿದ್ದೆ. ಹಾಗೇನಿಲ್ಲ. ರೋಮನ್ನರ ಒಂದು ಚಿತ್ರದಿಂದ ಚೂರೇ ಚೂರು ತೋರಿಸಿ ನಿಲ್ಲಿಸಿದರು. ಪರದೆಯ ಮೇಲೆ ಒಬ್ಬ ಸೇನಾಪತಿ ಬಾಯಿ ತೆರೆದುಕೊಂಡು ಹಾಗೇ ನಿಂತ.

"ಇಲ್ಲಿ ಇರಬಾರದ್ದು ಏನೇನು ಇದೆ?"

"ಹಿಂದೆ ಟೈರಿನ ಗುರುತಿದೆ ಮೇಡಂ."

"ಆ ಸೈನಿಕನ ತೋಳಲ್ಲಿ ಲಸಿಕೆ ಹಾಕಿದ ಕಲೆ ಇದೆ."

"ಕುದುರೆ ನಮ್ಮ ಚಿಕ್ಕಪ್ಪಂದು. ಅದು ರೋಮಿಂದಲ್ಲ, ಜಗೋರಾದ್ದು."

ಕೋಣೆಯೆಲ್ಲ ನಗು. ಆಟ ಇದು, ಪಾಠವಲ್ಲ ಎಂದು ಮನಸ್ಸಲ್ಲೇ ಬರೆದುಕೊಂಡೆ. ಆಕೆ ನಗು ಮುಗಿಯುವ ತನಕ ಕಾದು ಮೆಲ್ಲಗೆ ಕೇಳಿದರು. "ಸರಿ. ಈಗ ಹೇಳಿ, ಈ ಚಿತ್ರದಲ್ಲಿ ಯಾರ ಮುಖ ಕಾಣ್ತದೆ, ಯಾರ ಬೆನ್ನು ಮಾತ್ರ ಕಾಣ್ತದೆ?"

ಅನೀರ್ ಕೈ ಎತ್ತಿದ. ಎರಡು ವರ್ಷದಿಂದ ನನ್ನ ತರಗತಿಯಲ್ಲಿ ಆ ಕೈ ಎದ್ದದ್ದು ನೀರಿಗೆ ಹೋಗುವುದಕ್ಕೆ ಮಾತ್ರ.

"ಮುಖ ಇರೋರು ಹೊರಗಿನೋರು. ಬೆನ್ನು ಎಲ್ಲಾ ನಮ್ಮೋರದು."

ಗದ್ದಲದ ನಡುವೆ ಗಂಟೆ ಹೊಡೆಯಿತು. ಇಸವಿ ಒಂದೂ ಹೇಳಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ.

ಜನವರಿ ೧೨

ಚಳಿ. ಸಿನಿಮಾ ಮೇಡಂಗೆ ಪ್ರಾಸ ಹುಡುಕಿದೆ. ಸಿಗಲಿಲ್ಲ.

ಜನವರಿ ೨೫, ಗುರುವಾರ

ಒಂದೇ ಮುತ್ತಿಗೆಯ ಬಗ್ಗೆ ಎರಡು ದೇಶದವರು ತೆಗೆದ ಎರಡು ಚಿತ್ರ. ಎರಡರಲ್ಲೂ ಬಾಗಿಲು ಮುರಿಯುವ ದೃಶ್ಯ. ಒಂದರಲ್ಲಿ ಒಳಗಿರುವವರು ಅಳುತ್ತಾರೆ, ಇನ್ನೊಂದರಲ್ಲಿ ಹೊರಗಿರುವವರು. ಪಕ್ಕದಲ್ಲಿ ನಮ್ಮ ಪಠ್ಯಪುಸ್ತಕದ ಪುಟ, ಅದರಲ್ಲಿ ಯಾರೂ ಅಳುವುದಿಲ್ಲ. ಮೂರನ್ನೂ ಮಕ್ಕಳ ಮುಂದೆ ಇಟ್ಟು, "ಹೇಳಿ, ಯಾರನ್ನ ನಂಬೋಣ?" ಎಂದು ಕೇಳಿ ಗೋಡೆಗೆ ಒರಗಿ ನಿಂತರು. ಮಕ್ಕಳು ಜಗಳಕ್ಕೆ ಬಿದ್ದರು. ಆ ಜಗಳ ಮೊಗಸಾಲೆಗೆ ಬಂತು, ಅಂಗಳಕ್ಕೆ ಬಂತು, ಆಮೇಲೆ ಬ್ರೆಡ್ ಅಂಗಡಿಯ ಸಾಲಿಗೂ ಹೋಯಿತಂತೆ. ಚರಿತ್ರೆಯ ವಿಷಯಕ್ಕೆ ನಮ್ಮ ಶಾಲೆಯಲ್ಲಿ ಯಾರಾದರೂ ಜಗಳ ಆಡಿದ್ದು ನಾನು ಕಂಡಿಲ್ಲ. ಅಂಕದ ವಿಷಯಕ್ಕೆ ಆಡಿದ್ದಾರೆ.

ಒಂದು ವಿಷಯ ಗಮನಿಸಿದೆ. ತೂದಾ ಯಾವತ್ತೂ ಸಿನಿಮಾವನ್ನು ಸುಳ್ಳು ಅನ್ನುವುದಿಲ್ಲ. "ಸಿನಿಮಾನೂ ಒಬ್ಬ ಸಾಕ್ಷಿ. ಆದರೆ ತಾನು ತೋರಿಸೋ ಕಾಲಕ್ಕಲ್ಲ, ತನ್ನನ್ನ ತೆಗೆದ ಕಾಲಕ್ಕೆ" ಅನ್ನುತ್ತಾರೆ. ಹೊರಗೆ ಬಂದ ಮೇಲೆ ನಾನು ಕೆಮ್ಮಿದೆ.

"ಎಲ್ಲಾ ಸರಿ ಮೇಡಂ. ಇಸವಿ?"

"ನನ್ನ ಹತ್ರ ಅದೇ ಇಲ್ಲ ಉಸ್ತಾದ್. ನಿಮ್ಮ ಪ್ರಾಸ ಸಾಲ ಕೊಡ್ತೀರಾ?"

ತಮಾಷೆ ಅಂದುಕೊಂಡೆ. ಮಧ್ಯಾಹ್ನದ ಪಾಠದಲ್ಲಿ ಪರದೆಯ ಮೇಲೆ ಕೋಟೆ ಬೀಳುವಾಗ ಮಕ್ಕಳೆಲ್ಲ ನನ್ನ ಪ್ರಾಸ ಹಾಡಿದರು. ಕೋಟೆ ಸರಿಯಾದ ಇಸವಿಗೇ ಬಿತ್ತು. ಚೆನ್ನಾಗಿತ್ತು ಅಂತಲ್ಲ. ಇದ್ದದ್ದನ್ನು ಬರೆದೆ.

ಫೆಬ್ರವರಿ ೩, ಶನಿವಾರ

ಬುರುಜಿನ ಪ್ರವಾಸ. ನನ್ನ ವರ್ಷದ ಹಬ್ಬ ಇದು. ಬಾದಾಮಿ ಹೂ ಬಿಡುವ ಹೊತ್ತಿಗೆ ಮಕ್ಕಳನ್ನು ಊರಾಚೆಯ ದಿಬ್ಬಕ್ಕೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಕೆಂಪು ಮಣ್ಣಿನ ಬುರುಜು, ಅದರ ಕೆಳಗೆ ಪುರಸಭೆಯ ಫಲಕ, ಫಲಕದ ಮೇಲೆ ನಾನು ಕಟ್ಟಿದ ಎರಡು ಸಾಲು:

ಝಯ್ಯಾನ್ ಸರದಾರ, ಮಣಿಯದ ಧೀರ,
ಸೋತದ್ದು ಹಗೆಗಲ್ಲ, ಹಾಲು ಹಂಚಿದವಗೆ ಮಾತ್ರ.

ಕತೆ ಹೇಳಿದೆ. ಸರದಾರ ಝಯ್ಯಾನ್ ಸುಲ್ತಾನನ ಸೈನ್ಯವನ್ನು ತಿಂಗಳುಗಟ್ಟಲೆ ತಡೆದದ್ದು. ಒಬ್ಬಳೇ ತಾಯಿಯ ಹಾಲು ಕುಡಿದು ಬೆಳೆದ ಗೆಳೆಯ ಬಾವಿಯ ಗುಟ್ಟನ್ನು ಶತ್ರುವಿಗೆ ಕೊಟ್ಟದ್ದು. ಸರದಾರ ಕೊನೆಯ ತಂಬಿಗೆ ನೀರನ್ನು ಕುದುರೆಗೆ ಕುಡಿಸಿದ್ದು. ಕುದುರೆಯ ಜಾಗಕ್ಕೆ ಬಂದಾಗ ಯಾವತ್ತಿನ ಹಾಗೆ ಕರವಸ್ತ್ರ ತೆಗೆದೆ. ಪರದೆ ಬೇಡ, ಕಂಬಳಿ ಬೇಡ. ನಿಜವಾದ ಜಾಗ, ನಿಜವಾದ ಗೋಡೆ.

ತೂದಾ ಕೂಡ ಬಂದಿದ್ದರು. ಗೋಡೆಯ ಮೇಲೆ ಅಂಗೈ ಇಟ್ಟು ಕೇಳಿದರು. "ಇದಕ್ಕೆ ಆಧಾರ ಯಾವುದು ಉಸ್ತಾದ್? ಎಲ್ಲೂ ಓದಿದ ನೆನಪಿಲ್ಲ."

"ಪುಸ್ತಕದಲ್ಲಿಲ್ಲ. ಮೌಖಿಕ ಪರಂಪರೆ."

"ಯಾರದು?"

"ನಮ್ಮಪ್ಪನದು. ಚಿಕ್ಕವನಿದ್ದಾಗ ಮಲಗೋ ಮುಂಚೆ ಹೇಳ್ತಿದ್ದ."

"ಪುಣ್ಯವಂತರು" ಎಂದರು. ವ್ಯಂಗ್ಯ ಇರಲಿಲ್ಲ, ಎರಡು ಸಲ ನೋಡಿದೆ.

ರಕೀಯಾ ಎಂಬ ಹುಡುಗಿ, ಚೂಪು ಗಲ್ಲದವಳು, ಬುರುಜನ್ನು ಒಂದು ಸುತ್ತು ಹಾಕಿ ಬಂದಳು. "ಉಸ್ತಾದ್, ಹಿಂದುಗಡೆ ಗೋಡೇಲಿ ಬಾಣ ಬಿಡೋ ಕಿಂಡಿ ಯಾಕಿಲ್ಲ?"

"ಆ ಕಡೆಯಿಂದ ಶತ್ರು ಬರೋ ಹಾಗಿರಲಿಲ್ಲ" ಎಂದೆ, ತಡವರಿಸದೆ. ಒಳ್ಳೆಯ ಉತ್ತರ. ದಾರಿಯುದ್ದಕ್ಕೂ ಅದನ್ನೇ ಮೆಲುಕು ಹಾಕುತ್ತ ಬಂದೆ.

ಫೆಬ್ರವರಿ ೧೫, ಗುರುವಾರ

ಮುಚ್ಚಿಹೋದ ಚಿತ್ರಮಂದಿರದ ಯಜಮಾನರ ಮನೆಯಿಂದ ತೂದಾ ಒಂದು ಹಳೆಯ ಚಿತ್ರದ ಪ್ರತಿ ತಂದಿದ್ದರು. ನಮ್ಮ ಊರ ಸುತ್ತಲೇ ತೆಗೆದದ್ದಂತೆ, ನಾನು ಕೈಕೂಸಾಗಿದ್ದ ಕಾಲದ್ದು. ಶುರುವಿನ ಭಾಗ ಹಾಳಾಗಿ ಹೆಸರೂ ಗೊತ್ತಾಗುವುದಿಲ್ಲ.

ಮೊದಲ ದೃಶ್ಯದಲ್ಲೇ ದಿಬ್ಬ. ದಿಬ್ಬದ ಮೇಲೆ ಬುರುಜು.

"ನಮ್ಮ ಬುರುಜು" ಎಂದು ಇಡೀ ಕೋಣೆ ಕೂಗಿತು. ನಾನೂ ಮುಂದಕ್ಕೆ ಬಾಗಿದೆ.

ಬುರುಜಿನ ಮೇಲೆ ಸರದಾರ. ಅವನ ಪಕ್ಕದಲ್ಲಿ ಹಾಲು ಹಂಚಿಕೊಂಡ ಗೆಳೆಯ. ಬಾವಿ. ಮುಂದಿನ ಮಾತೇನೆಂದು ನನಗೆ ಮೊದಲೇ ಗೊತ್ತಿತ್ತು, ಪ್ರತಿಯೊಂದೂ. ಸರದಾರ ತಂಬಿಗೆ ಎತ್ತಿದಾಗ ನನಗೆ ಕುದುರೆಯ ಬಣ್ಣವೂ ಗೊತ್ತಿತ್ತು.

ಆಮೇಲೆ ಕ್ಯಾಮೆರಾ ಒಂದು ಕ್ಷಣ ಪಕ್ಕಕ್ಕೆ ಹೊರಳಿತು. ಬುರುಜಿಗೆ ಬೆನ್ನೇ ಇರಲಿಲ್ಲ. ಹಿಂದೆ ಮರದ ಕಂಬಗಳು ಊರುಗೋಲಿನ ಹಾಗೆ ಗೋಡೆಗೆ ಆನಿಸಿ ನಿಂತಿದ್ದವು. ಮೇಲಿಂದ ಒಬ್ಬ ತೆಳ್ಳಗಿನ ಸೈನಿಕ ಕೈ ಬೀಸುತ್ತ ಬಿದ್ದ. ನಮ್ಮ ಅಪ್ಪ.

ರಕೀಯಾ ಹಿಂತಿರುಗಿ ನನ್ನನ್ನು ನೋಡಿದಳು. ನಗಲಿಲ್ಲ. ಯಾರೂ ನಗಲಿಲ್ಲ. ತೂದಾ ದೀಪ ಹಾಕಿ, ಇವತ್ತಿಗೆ ಸಾಕು, ಆಟಕ್ಕೆ ಹೋಗಿ ಎಂದರು. ಗಂಟೆ ಇನ್ನೂ ಹೊಡೆದಿರಲಿಲ್ಲ.

ಫೆಬ್ರವರಿ ೧೬

ತಲೆನೋವು. ಶಾಲೆಗೆ ಹೋಗಲಿಲ್ಲ.

ಫೆಬ್ರವರಿ ೧೭, ಶನಿವಾರ

ಅಪ್ಪ ಅಂಗಳದ ಬಿಸಿಲಲ್ಲಿ ಕೂತು ಬ್ರೆಡ್ಡನ್ನು ಎಣ್ಣೆಗೆ ಅದ್ದಿ ತಿನ್ನುತ್ತಿದ್ದ.

"ಅಪ್ಪಾ, ಝಯ್ಯಾನ್ ಸರದಾರನ ಕತೆ ನಿನಗೆ ಯಾರು ಹೇಳಿದ್ದು?"

"ಯಾರು ಹೇಳೋದು? ನಾನೇ ಇದ್ನಲ್ಲ."

"ಎಲ್ಲಿದ್ದೆ?"

"ಬುರುಜಿನ ಮೇಲೆ. ಆಮೇಲೆ ಕೆಳಗೆ." ಮಂಡಿ ತೋರಿಸಿದ. "ಇದು ಅವತ್ತಿಂದೇ. ಕೆಳಗೆ ಹುಲ್ಲು ಹಾಕಿದ್ರು, ನಾನು ಹುಲ್ಲಿಲ್ಲದ ಕಡೆ ಬಿದ್ದೆ."

"ಅದು ಸಿನಿಮಾ ಅಂತ ಹೇಳ್ಬಾರ್ದಿತ್ತಾ?"

ಅಪ್ಪ ತಿನ್ನುವುದನ್ನು ನಿಲ್ಲಿಸಿದ. "ಗೊತ್ತಿಲ್ದೇ ಇರೋಕೆ ನೀನೇನು ಹೊರಗಿನವನಾ? ವರ್ಷಾ ವರ್ಷಾ ಮಕ್ಕಳನ್ನ ಕರ್ಕೊಂಡೋಗಿ ನಮ್ಮ ಸಿನಿಮಾ ಕತೆ ಹೇಳ್ತಾನೆ ನನ್ನ ಮಗ ಅಂದ್ಕೊಂಡಿದ್ದೆ. ಚೆನ್ನಾಗಿ ಹೇಳ್ತೀಯ ಕಣೋ. ಸಿನಿಮಾದೋರಿಗಿಂತ ಚೆನ್ನಾಗಿ."

"ಪುರಸಭೆಯೋರು ಫಲಕ ಹಾಕಿದ್ರಲ್ಲ, ಆಗಾದ್ರೂ?"

"ಅದೂ ಸಿನಿಮಾಕ್ಕೇ ಹಾಕಿದ್ದು ಅಂದ್ಕೊಂಡೆ. ಖುಷಿ ಆಯ್ತು. ಬಿದ್ದೋರ ಹೆಸರು ಹಾಕ್ಲಿಲ್ವಲ್ಲ ಅಂತ ಒಂಚೂರು ಬೇಜಾರೂ ಆಯ್ತು."

ಅಡುಗೆಮನೆಯಿಂದ ಹೆಂಡತಿ ಫಾದ್ಮಾ ತಲೆ ಹಾಕಿದಳು. "ಅದು ಸಿನಿಮಾ ಅಂತ ನನಗೂ ಗೊತ್ತಿತ್ತು. ನಿಮಗೆ ಗೊತ್ತಿಲ್ಲ ಅನ್ನೋದು ಗೊತ್ತಿರ್ಲಿಲ್ಲ."

ಬುರುಜು ಕಟ್ಟಿದ್ದು ನಮ್ಮ ಊರಿನ ಮಣ್ಣುಗೋಡೆಯ ಮೇಸ್ತ್ರಿಗಳು. ಅದಕ್ಕೇ ಅದು ಇಷ್ಟು ಕಾಲ ನಿಂತಿದೆ. ಸಿನಿಮಾದವರು ಹೋದ ಮೇಲೆ ಕುರಿಗಾಹಿಗಳು ಹಿಂದುಗಡೆ ಗೋಡೆ ಎಬ್ಬಿಸಿ ಕೊಟ್ಟಿಗೆ ಮಾಡಿಕೊಂಡರಂತೆ. ಕುರಿಗಳಿಗೆ ಬಾಣದ ಕಿಂಡಿ ಬೇಕಿರಲಿಲ್ಲ.

ಫೆಬ್ರವರಿ ೨೦, ಮಂಗಳವಾರ

ಸಿ ಬೆನ್ನಾಸರ್ ಚಹಾ ಕೊಟ್ಟರು. ಅವರಿಗೂ ಹೇಗೋ ಸುದ್ದಿ ಮುಟ್ಟಿದೆ.

"ನೋಡಿ, ಫಲಕದ ಪರದೆ ಎಳೆದದ್ದು ಇದೇ ಇನ್‌ಸ್ಪೆಕ್ಟರ್ ಮೆಕ್ಕಾವಿ. ಭಾಷಣ ಬೇರೆ ಮಾಡಿದ್ರು. ಸಿನಿಮಾ ಪಾಠದಿಂದ ಮಕ್ಕಳ ಗಮನ ಚದುರ್ತದೆ ಅಂತ ನೀವು ಒಂದು ಮಾತು ಅಂದ್ಬಿಡಿ. ಕೋಣೆ ಮುಚ್ತೀವಿ. ಬುರುಜು ಬುರುಜಾಗೇ ಇರ್ತದೆ, ನಿಮ್ಮ ಮರ್ಯಾದೆ ನಿಮಗೆ, ಅವರ ಮರ್ಯಾದೆ ಅವರಿಗೆ."

"ಆ ಹುಡುಗಿ ಕೆಲಸ?"

"ಇನ್ನೂ ಚಿಕ್ಕ ವಯಸ್ಸು. ಬೇರೆ ಊರು ಸಿಗ್ತದೆ."

ಯೋಚಿಸಿ ಹೇಳ್ತೀನಿ ಎಂದೆ. ಚಹಾ ಮುಗಿಸಿಯೇ ಎದ್ದೆ. ಅದನ್ನೂ ಬರೆಯಬೇಕು.

ಸಂಜೆ ತೂದಾ ಗೇಟಿನ ಹತ್ತಿರ ಕಾದಿದ್ದರು. ಆ ಹಳೆಯ ಚಿತ್ರದ ಡಿಸ್ಕನ್ನು ನನ್ನ ಕೈಗಿಟ್ಟರು. "ಇದನ್ನ ಯಜಮಾನರಿಗೆ ವಾಪಸ್ ಕೊಟ್ಟುಬಿಡ್ತೀರಾ ಉಸ್ತಾದ್? ಇನ್‌ಸ್ಪೆಕ್ಟರ್ ಮುಂದೆ ರೋಮನ್ನರದೇ ತೋರಿಸ್ತೀನಿ."

"ಮಕ್ಕಳ ಬಾಯಿ ಮುಚ್ಚೋಕಾಗ್ತದಾ?"

"ಅವರೇ ಮುಚ್ಕೊಂಡಿದಾರೆ. ಮನೇಲೂ ಹೇಳ್ಬಾರ್ದು ಅಂತ ರಕೀಯಾ ಎಲ್ಲರ ಹತ್ರ ಆಣೆ ಹಾಕಿಸಿದಾಳೆ. ನಾನು ಕೇಳಿಕೊಂಡದ್ದಲ್ಲ."

ಅಂದರೆ ಒಂದೂವರೆ ತಿಂಗಳಿಂದ ಎಲ್ಲವನ್ನೂ ಪ್ರಶ್ನೆ ಕೇಳಲು ಕಲಿತ ಮಕ್ಕಳು ಈಗ ಒಂದು ವಿಷಯವನ್ನು ಮುಚ್ಚಿಡಲು ಕಲಿತಿದ್ದಾರೆ, ನನ್ನ ಸಲುವಾಗಿ. ಅವರ ಕರುಣೆಗೆ ನಾನು ಇನ್ನೂ ಪ್ರಾಸ ಕಟ್ಟಿಲ್ಲ.

ಡಿಸ್ಕು ಕೋಟಿನ ಜೇಬಲ್ಲಿದೆ. ಯಜಮಾನರ ಮನೆ ದೂರವೇನಲ್ಲ. ನಾಳೆ ಕೊಟ್ಟರಾಯಿತು.

ಫೆಬ್ರವರಿ ೨೮

ಡಿಸ್ಕು ಇನ್ನೂ ಜೇಬಲ್ಲೇ ಇದೆ.

ಇವತ್ತು ನನ್ನ ತರಗತಿಯಲ್ಲಿ ಪಠ್ಯಪುಸ್ತಕದ ಚಿತ್ರವೊಂದನ್ನು ತೋರಿಸಿ, ಇದನ್ನ ಬರೆದವನು ಎಲ್ಲಿ ನಿಂತಿದ್ದ ಎಂದು ಕೇಳಿದೆ. ಸುಮ್ಮನೆ ಬಾಯಿಗೆ ಬಂತು. ಪಾಠ ಅರ್ಧಕ್ಕೇ ಉಳಿಯಿತು.

ಮಾರ್ಚ್ ೬, ಬುಧವಾರ

ಇನ್‌ಸ್ಪೆಕ್ಟರ್ ಸಿ ಮೆಕ್ಕಾವಿ ಬಂದರು. ದಪ್ಪ ಕನ್ನಡಕ, ತೆಳು ಸಹನೆ. ಕಂಬಳಿ ಜಾರುತ್ತಿತ್ತು, ಮೊಳೆ ಹೊಡೆದು ನಾನೇ ಸರಿ ಮಾಡಿದೆ. ತೂದಾ ರೋಮನ್ನರನ್ನು ಹಾಕಿದರು. ಮಕ್ಕಳು ಟೈರಿನ ಗುರುತು ಹೇಳಿದರು, ಲಸಿಕೆಯ ಕಲೆ ಹೇಳಿದರು, ಮುಖ ಯಾರದು ಬೆನ್ನು ಯಾರದು ಅದೂ ಹೇಳಿದರು. ಎಲ್ಲ ಸರಿಯಾಗಿತ್ತು. ಎಲ್ಲ ಬಾಯಿಪಾಠದ ಹಾಗಿತ್ತು, ನನ್ನ ತರಗತಿಯ ಹಾಗೆ. ಆಣೆ ಹಾಕಿದ ಬಾಯಿಗಳು ಅವು.

ಇನ್‌ಸ್ಪೆಕ್ಟರ್ ಪೆನ್ನು ಮುಚ್ಚಿದರು. "ಮೇಡಂ, ಪರರ ಸಿನಿಮಾದಲ್ಲಿ ತಪ್ಪು ಹುಡುಕೋದು ಸುಲಭ. ನಕ್ಕು ಎದ್ದು ಹೋಗ್ತಾರೆ. ಇದರಿಂದ ಮಕ್ಕಳಿಗೆ ತಮ್ಮ ಚರಿತ್ರೆ ಏನು ಗೊತ್ತಾಯ್ತು? ಇದು ಮನರಂಜನೆ, ಪಾಠ ಅಲ್ಲ."

ತೂದಾ ಬಾಯಿ ತೆರೆದರು, ಮುಚ್ಚಿದರು. ಹೇಳುವುದಕ್ಕೆ ಅವರ ಹತ್ತಿರ ಇತ್ತು. ಹೇಳಿದರೆ ನಾನು ಬೀಳುತ್ತಿದ್ದೆ, ಹುಲ್ಲಿಲ್ಲದ ಕಡೆ. ಹೇಳಲಿಲ್ಲ.

ಆಮೇಲೆ ನಾನು ಎದ್ದಿದ್ದೆ. ಯಾವಾಗ ಎದ್ದೆನೋ ನೆನಪಿಲ್ಲ. "ಸಿ ಮೆಕ್ಕಾವಿ, ಇನ್ನೊಂದು ಚಿತ್ರ ಇದೆ. ಸ್ವಲ್ಪ ನೋಡಿ."

"ಉಸ್ತಾದ್, ಬೇಡ" ಎಂದರು ತೂದಾ.

"ಹಾಕಮ್ಮಾ. ಜೇಬಲ್ಲಿಟ್ಟು ಸಾಕಾಗಿದೆ."

ದಿಬ್ಬ ಬಂತು, ಬುರುಜು ಬಂತು, ಕುದುರೆ ನೀರು ಕುಡಿಯಿತು. ಬುರುಜಿನ ಬೆನ್ನು ಬಂದಾಗ ತೂದಾ ಅಲ್ಲಿಗೇ ನಿಲ್ಲಿಸಿದರು. ಅಪ್ಪ ಗಾಳಿಯಲ್ಲಿ ಕೈ ಬೀಸಿಕೊಂಡು ಹಾಗೇ ಉಳಿದ.

ಇನ್‌ಸ್ಪೆಕ್ಟರ್ ಕನ್ನಡಕ ತೆಗೆದು ಒರೆಸಿದರು. "ಇದು ನಾನು ಪರದೆ ಎಳೆದ ಬುರುಜಲ್ವಾ?"

"ಹೌದು. ಪರದೆ ನಿಮ್ಮದು, ಪ್ರಾಸ ನಂದು, ಬೀಳ್ತಿರೋನು ನಮ್ಮಪ್ಪ."

"ಹಾಗಾದ್ರೆ ಆ ಬುರುಜು ಸುಳ್ಳು."

ರಕೀಯಾ ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿದೆ. ಅವಳು ಎದ್ದು ನಿಂತಳು.

"ಫಲಕ ಸುಳ್ಳು ಸರ್. ಬುರುಜು ಸುಳ್ಳಲ್ಲ."

"ಅದು ಹೇಗೆ?"

"ಬುರುಜಿಗೆ ಸುಲ್ತಾನನ ಕಾಲ ಗೊತ್ತಿಲ್ಲ. ಅದನ್ನ ಕಟ್ಟಿದ ಕಾಲ ಗೊತ್ತು. ಅದನ್ನ ಕೇಳಬೇಕು. ಹೊರಗಿನೋರಿಗೆ ಇಲ್ಲೊಂದು ಮುತ್ತಿಗೆ ಬೇಕಿತ್ತು ಅಂತ ಹೇಳ್ತದೆ. ಮುಂದಿನ ಗೋಡೆಗೆ ಮಾತ್ರ ಅವರು ಕೂಲಿ ಕೊಟ್ರು ಅಂತ ಹೇಳ್ತದೆ."

"ಹಿಂದಿನ ಗೋಡೆ ಕುರಿಯೋರು ಕಟ್ಟಿದ್ದು" ಎಂದ ಅನೀರ್, ಕೂತಲ್ಲಿಂದಲೇ. "ಅದು ಯಾವ ಸಿನಿಮಾಲೂ ಇಲ್ಲ. ಅದು ಪೂರ್ತಿ ನಮ್ದೇ."

"ಹಾಗಾದ್ರೆ ಬುರುಜಿಗೆ ಎರಡು ವಯಸ್ಸು" ಎಂದಳು ಇನ್ನೊಬ್ಬಳು. ಇಲ್ಲ, ಮೂರು, ಫಲಕಕ್ಕೂ ಒಂದು ವಯಸ್ಸಿದೆ ಎಂದು ಮತ್ತೊಬ್ಬ ಎದ್ದ. ಉಸ್ತಾದ್ ಅದನ್ನು ನಂಬಿದ್ದು ಯಾಕೆ, ಅದೂ ಚರಿತ್ರೆಯೇ ಎಂದ ಅನೀರ್. ಕೋಣೆ ಮತ್ತೆ ಜಗಳಕ್ಕೆ ಬಿತ್ತು. ತೂದಾ ಗೋಡೆಗೆ ಒರಗಿ ನಿಂತರು. ಕಣ್ಣು ಒರೆಸಿಕೊಂಡಿರಬಹುದು, ಕತ್ತಲಿತ್ತು.

ಇನ್‌ಸ್ಪೆಕ್ಟರ್ ಹಿಂದಿನ ಬೆಂಚಿಗೆ ಬಂದು ನನ್ನ ಪಕ್ಕ ಕೂತರು. "ನಿಮ್ಮ ಅಭಿಪ್ರಾಯ?"

"ನನ್ನ ತರಗತೀಲಿ ಮಕ್ಕಳು ನಾನು ಹೇಳಿದ್ದನ್ನ ಬರೀತಾರೆ. ಅವರ ತರಗತೀಲಿ ನನ್ನನ್ನೇ ಹಿಡಿದು ಹಾಕಿದ್ರು."

"ಇದು ದೂರೋ ಹೊಗಳಿಕೆಯೋ?"

"ಖಾಯಂ ಮಾಡಿ ಅಂತ ಕೇಳ್ಕೊಳ್ಳೋದು."

ಅವರು ಪರದೆಯ ಕಡೆ ತಿರುಗಿದರು. "ಭಾಷಣದಲ್ಲಿ ಆ ಕುದುರೆ ವಿಷಯಕ್ಕೆ ನಾನು ಅತ್ತಿದ್ದೆ, ಗೊತ್ತಾ?" ಎಂದರು. ಪೆನ್ನು ತೆರೆದು ಏನೋ ಬರೆದರು. ಹೋಗುವಾಗ ತೂದಾಗೆ ಹೇಳಿದ್ದು ಇಷ್ಟೇ. "ಮುಂದುವರಿಸಿ. ಕಂಬಳಿ ಬದಲು ಪರದೆ ಹಾಕಿಸೋಕೆ ಬರೀತೀನಿ." ನನ್ನ ಕಡೆ ತಿರುಗಿ, "ಆ ಫಲಕ?" ಎಂದರು.

"ಬೇರೆ ಪ್ರಾಸ ಕಟ್ತೀನಿ."

"ಪ್ರಾಸ ಬೇಡ" ಎಂದರು.

ಸಿ ಬೆನ್ನಾಸರ್ ಇವತ್ತು ಚಹಾ ಕೊಡಲಿಲ್ಲ.

ಏಪ್ರಿಲ್ ೨೦, ಶನಿವಾರ

ತೂದಾಳ ಕೆಲಸ ಖಾಯಂ ಆಯಿತು. ಉಪವಾಸದ ತಿಂಗಳು, ಹಬ್ಬ ಮುಗಿದು ಬಿಸಿಲು ಚುರುಕಾಗುವ ಮೊದಲು ಬುರುಜಿಗೆ ಇನ್ನೊಂದು ಪ್ರವಾಸ ಇಟ್ಟುಕೊಂಡೆವು, ಎರಡೂ ತರಗತಿ ಸೇರಿ. ಈ ಸಲ ಅಪ್ಪನನ್ನೂ ಕರೆದುಕೊಂಡು ಹೋದೆ. ಹೊಸ ನಿಲುವಂಗಿ ಹಾಕಿಕೊಂಡು ಕತ್ತೆಗಾಡಿಯಲ್ಲಿ ಸರದಾರನ ಹಾಗೆ ಕೂತಿದ್ದ.

ಮಕ್ಕಳು ಅವನನ್ನು ಬುರುಜಿನ ಹಿಂದುಗಡೆ ನೆರಳಲ್ಲಿ ಕೂರಿಸಿ ಸುತ್ತುವರಿದರು. ಎಷ್ಟು ಸಲ ಬಿದ್ದೆ ತಾತಾ, ಬೀಳು ಅಂತ ಯಾರು ಹೇಳಿದ್ದು, ಯಾವ ಭಾಷೆಯಲ್ಲಿ ಹೇಳಿದ್ದು, ನಿನಗೆ ಅರ್ಥವಾಯಿತಾ. ತೂದಾ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನಾನೇ ತಡೆಯಲಾರದೆ ಒಂದು ಕೇಳಿದೆ, ಎಷ್ಟೋ ವರ್ಷ ಮಕ್ಕಳಿಗೆ ಕೇಳಿದ್ದನ್ನೇ.

"ಅಪ್ಪಾ, ಮುತ್ತಿಗೆ ಕೊನೆಗೆ ಹೇಗೆ ಮುಗೀತು?"

ಅಪ್ಪ ದಿಬ್ಬದ ಕೆಳಗೆ ಕೈ ತೋರಿಸಿದ. "ಅಗೋ ಆ ಕಡೆಯಿಂದ ಗಾಡಿ ಬಂತು. ದೊಡ್ಡ ದೊಡ್ಡ ತಪ್ಪಲೆ. ಬಿಸಿಲು ನೆತ್ತಿ ಮೇಲಿತ್ತು. ಸುಲ್ತಾನನ ಕಡೆಯೋರು, ನಮ್ಮ ಕಡೆಯೋರು, ಸತ್ತೋರು, ಎಲ್ಲಾ ಎದ್ದು ಒಂದೇ ತಟ್ಟೇಲಿ ಕೈ ಹಾಕಿ ತಿಂದ್ವಿ. ಆಮೇಲೆ ಯುದ್ಧ ಮಾಡೋಕೆ ಯಾರಿಗೂ ಆಗ್ಲಿಲ್ಲ. ನಾಳೆ ಬನ್ನಿ ಅಂದ್ರು."

ಅನೀರ್ ನನ್ನ ಮುಖ ನೋಡಲಿಲ್ಲ. ಒಳ್ಳೆಯ ಹುಡುಗ.

ಮನೆಗೆ ಬಂದು ಹಳೆಯ ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿದೆ. ಅನೀರನ ಉತ್ತರದ ಮೇಲಿನ ಆ ದೊಡ್ಡ ಸೊನ್ನೆಯನ್ನು ಹೊಡೆದು ಹಾಕಿ ಅರ್ಧ ಅಂಕ ಕೊಟ್ಟೆ. ಇನ್ನರ್ಧ ಕೊಡಲಿಲ್ಲ. ಇಸವಿ ಬರೆದಿರಲಿಲ್ಲ.